ಮನಸ್ಸು ನಿಂತ ಸಂಜೆ

ನಾರಾಯಣ ಅಂದಳು ತನುಜ. ಅನ್ನುತ್ತಲೇ ಸತ್ತ ಹುಳಗಳನ್ನು ಎರಡೂ ಕೈಯಲ್ಲಿ ಬಾಚಿ ಮಂಕರಿಗೆ ಹಾಕಿದಳು. ಮತ್ತೆ ನಾರಾಯಣ ಅಂದಳು. ಹೆಸರು ನಾಲಿಗೆಗೆ ಅಂಟಿಕೊಂಡಿತ್ತೇ ಹೊರತು ಒಳಕ್ಕೆ ಇಳಿಯುತ್ತಿರಲಿಲ್ಲ. ನೆನ್ನೆ ಬೆಳಿಗ್ಗೆ ಇದೇ ಹುಳದ ಮನೆಯ ಬಾಗಿಲು ತೆಗೆದಾಗ ತಗಡಿನ ಮೇಲೆ ಹನಿ ಬಿದ್ದ ಹಾಗೆ ಸದ್ದು ಕೇಳಿತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಕಳಚಿದ ರೇಷ್ಮೆ ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು ಅದು. ಇನ್ನು ನಾಲ್ಕು ಹೊತ್ತು ಸೊಪ್ಪು ಹಾಕಿದ್ದರೆ ಹಣ್ಣಾಗಿ ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟುತ್ತಿದ್ದವು. ಈಗ ಹಸಿರು ನೀರು ಕಕ್ಕಿಕೊಂಡು, ಮೈ ಮುದುಡಿ, ಸೊಪ್ಪಿನ ಕಡ್ಡಿಗಳ ಸಂದಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲವೂ ಸತ್ತಿರಲಿಲ್ಲ. ಕೆಲವು ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಒಗೆಯುತ್ತಿದ್ದವು. ಅವನ್ನು ನೋಡಬಾರದು ಅಂದುಕೊಂಡಳು. ನೋಡಿದರೆ ಚಿಕ್ಕಬಳ್ಳಾಪುರದ ಬಸ್ಸಿನ ಕಬ್ಬಿಣದ ನೆಲ ಕಣ್ಣ ಮುಂದೆ ಬರುತ್ತದೆ, ಅದರ ಮೇಲೆ ಯಾಮಿನಿಯ ತಲೆ ಹೀಗೇ, ಇದೇ ಲಯದಲ್ಲಿ, ಟಪ್ ಟಪ್ ಅಂತ ಬಡಿದುಕೊಳ್ಳುತ್ತದೆ. ನಾರಾಯಣ ನಾರಾಯಣ ಅಂತ ಜೋರಾಗಿ ಅಂದು ಆ ಸದ್ದನ್ನು ಮುಚ್ಚಲು ನೋಡಿದಳು. ಮುಚ್ಚಲಿಲ್ಲ.

ಬಸ್ಸಿನಲ್ಲಿ ಯಾರೋ ಮಗಳ ಕೈಗೆ ಬೀಗದ ಕೈ ಗೊಂಚಲು ತುರುಕಿದ್ದರು, ಯಾರೋ ಮೊಬೈಲು ಎತ್ತಿ ಹಿಡಿದಿದ್ದರು, ಪಕ್ಕದ ಸೀಟಿನ ಹೆಂಗಸು ತನ್ನ ತರಕಾರಿ ಚೀಲವನ್ನು ಕಾಲಿನಿಂದ ಆಚೆ ಎಳೆದುಕೊಂಡಿದ್ದಳು. ಅವರನ್ನೆಲ್ಲ ತನುಜ ಯಾವತ್ತೋ ಕ್ಷಮಿಸಿದ್ದಳು. ಕ್ಷಮಿಸಲಾಗದೆ ಉಳಿದದ್ದು ತನ್ನದೇ ಒಂದು ಗಳಿಗೆ. ಹದಿನೇಳರ ಹುಡುಗಿ ನೆಲದ ಮೇಲೆ ಒದ್ದಾಡುತ್ತಿದ್ದಾಗ ತಾನು ಮೊದಲು ಮಾಡಿದ್ದು ಮೇಲಕ್ಕೆ ಸರಿದಿದ್ದ ಅವಳ ಚೂಡಿದಾರದ ಟಾಪನ್ನು ಕೆಳಗೆಳೆದದ್ದು. ಎರಡನೆಯದು, ತಲೆ ಎತ್ತಿ ಬಸ್ಸಿನಲ್ಲಿ ಗುರುತಿನವರು ಯಾರಾದರೂ ಇದ್ದಾರಾ ಅಂತ ನೋಡಿದ್ದು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡದ್ದು ಆಮೇಲೆ. ದೇವರು ಅಂತ ಒಬ್ಬನಿದ್ದರೆ ಅವನು ಆ ಅನುಕ್ರಮವನ್ನು ನೋಡಿರುತ್ತಾನೆ.

ಅದಾದ ಮೇಲೆ ಅತ್ತೆ ಅಕ್ಕಯ್ಯಮ್ಮ ಹೇಳಿದ್ದಳು: "ಮಾತ್ರೆ ನುಂಗಿಸು, ಬೇಡ ಅನ್ನಲ್ಲ. ಆದ್ರೆ ಮಾತ್ರೆ ಕೊಡೋನೂ ಅವನೇ ಕಣಮ್ಮ. ಈ ಬೆಳೆ ಚಾಕಿ ಮರಿಹುಳ ಇಳಿಸಿದ ದಿನದಿಂದ ಗೂಡು ಬಿಡಿಸೋ ತನಕ ಎರಡು ಹೊತ್ತೂ ದೀಪ ಹಚ್ಚಿ ಅವನನ್ನ ನೆನಿ. ನೆನೆಯೋವಾಗ ಮನಸ್ಸು ಕದಲಬಾರದು. ಕದಲಿದ್ರೆ ನೆನೆದಂಗಲ್ಲ, ಬಾಯಿ ಆಡಿಸಿದಂಗೆ. ಹುಳ ನೋಡು, ಮುಂದಿರೋ ಸೊಪ್ಪು ಬಿಟ್ಟು ಪಕ್ಕಕ್ಕೆ ತಿರುಗುತ್ತಾ?" ಅತ್ತೆಗೆ ಹೇಳುವುದು ಸುಲಭ. ಅತ್ತೆಗೆ ಮಂಡಿ ನೋವು, ಕೂತಲ್ಲೇ ಕೂತು ನೆನೆಯಬಹುದು. ತನುಜ ಸೊಪ್ಪು ಕುಯ್ಯಬೇಕು, ಹೊರಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು, ಸುಣ್ಣ ಉದುರಿಸಬೇಕು, ಹಾಲು ಕರೆದು ಡೈರಿಗೆ ಹಾಕಬೇಕು, ಮಗಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು 'ಯಾಮಿ, ಮಾತಾಡ್ತಾ ಇರು' ಅನ್ನಬೇಕು. ದೇವರ ಮುಂದೆ ಕೂತು ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಹಾಲು ಬರುತ್ತಿತ್ತು, ಗೌರಿಬಿದನೂರಿನ ಬಟ್ಟೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿ ವಾರಕ್ಕೊಮ್ಮೆ ಮನೆಗೆ ಬರುವ ಗಂಡ ಹರಿಕೃಷ್ಣ ಫೋನಿನಲ್ಲಿ ಅಂದದ್ದೋ ಅನ್ನದೇ ಬಿಟ್ಟದ್ದೋ ಬರುತ್ತಿತ್ತು, ನಾಳೆ ಸೊಪ್ಪು ಸಾಲದೆ ಬಂದರೆ ಯಾರ ತೋಟದಲ್ಲಿ ಕೇಳುವುದು ಅನ್ನುವುದು ಬರುತ್ತಿತ್ತು. ನಾರಾಯಣ ಮಾತ್ರ ಬರುತ್ತಿರಲಿಲ್ಲ. ಯಾಮಿನಿಗೆ ಮತ್ತೆ ಫಿಟ್ಸ್ ಬಂದಾಗಲೆಲ್ಲ ತನುಜ ಹಿಂದಕ್ಕೆ ಹೋಗಿ ಹುಡುಕುತ್ತಿದ್ದಳು: ಇವತ್ತು ಬೆಳಿಗ್ಗೆ ಎಲ್ಲಿ ಕದಲಿದೆ? ಹುಡುಕಿದರೆ ಸಿಗುತ್ತಿತ್ತು. ಯಾವಾಗಲೂ ಸಿಗುತ್ತಿತ್ತು.

ನೆನ್ನೆ ಸಂಜೆ ಮಾತ್ರ ಕದಲಲಿಲ್ಲ.

ಬಾಚುತ್ತಿದ್ದ ಕೈ ಅಲ್ಲೇ ನಿಂತಿತು. ಆ ಸಂಜೆಯ ಹತ್ತಿರ ಹೋಗುವುದಕ್ಕೆ ಅವಳಿಗೆ ಭಯವೂ ಆಸೆಯೂ ಒಟ್ಟಿಗೇ ಆಗುತ್ತಿತ್ತು. ಕೊನೆಯ, ಐದನೇ ಹಂತದ ಹುಳ ಬಿಟ್ಟು ದೇವರ ಕೋಣೆಗೆ ಹೋಗಿಬರಲು ಪುರಸೊತ್ತಿರಲಿಲ್ಲವೆಂದು ಮೂರು ದಿನದಿಂದ ಹುಳದ ಮನೆಯ ಗೋಡೆಗೇ ನಾರಾಯಣನ ಒಂದು ಪಟ ತಗುಲಿಹಾಕಿ ಅದರ ಕೆಳಗೆ ದೀಪ ಇಡುತ್ತಿದ್ದಳು. ನೆನ್ನೆ ಸೊಪ್ಪು ಹಾಕಿ ಮುಗಿಸುವ ಹೊತ್ತಿಗೆ ಕರೆಂಟು ಹೋಯಿತು. ಊದಿನಕಡ್ಡಿ ಮುಗಿದಿತ್ತು. ಮನೆಯೊಳಕ್ಕೆ ಹೋಗಿ, ಕತ್ತಲಲ್ಲಿ ತಡವರಿಸಿ, ಯಾಮಿನಿಯ ಮಂಚದ ಪಕ್ಕದ ಗೋಡೆಗೂಡಿನಲ್ಲಿ ಕೈಗೆ ಸಿಕ್ಕ ಡಬ್ಬವನ್ನೇ ತಂದು, ಅದರಿಂದ ಒಂದು ಹಿಡಿ ಕಡ್ಡಿ ತೆಗೆದು ಹಚ್ಚಿದಳು. ಕೂತಳು. ಹೊಗೆ ಎದ್ದಿತು. ವಾಸನೆ ಬೇರೆ ಇತ್ತು. ಅದು ಅವಳಿಗೆ ಗೊತ್ತಾಯಿತು, ಗೊತ್ತಾಗಲಿಲ್ಲ ಅಂದರೆ ಸುಳ್ಳು. ಗಂಧದ್ದಲ್ಲ, ಮಲ್ಲಿಗೆಯದ್ದಲ್ಲ, ಗಂಟಲ ಹಿಂಭಾಗ ಹಿಡಿಯುವಂಥ ಒಂದು ವಾಸನೆ. ಇದೇನು ಅಂತ ಮನಸ್ಸು ತಲೆ ಎತ್ತಿತು. ತಕ್ಷಣ ಅವಳು ಅದರ ತಲೆಯ ಮೇಲೆ ಹೊಡೆದಳು. ನೋಡು, ಕದಲುತ್ತಾ ಇದೀಯ. ಇಷ್ಟು ದಿನ ಹಾಲು, ಸೊಪ್ಪು, ಇವತ್ತು ವಾಸನೆ. ನಿನಗೊಂದು ನೆಪ ಬೇಕು. ಫೋನು ಸೊಂಟದಲ್ಲಿ ಗುರ್ ಅಂದಿತು, ಅದನ್ನೂ ತೆಗೆಯಲಿಲ್ಲ. ಹಲ್ಲು ಕಚ್ಚಿ ಹೆಸರು ಹಿಡಿದಳು. ಹಿಡಿದೇ ಇದ್ದಳು. ಯಾವುದೋ ಒಂದು ಗಳಿಗೆಯಲ್ಲಿ ಹಿಡಿಯುವುದು ತಪ್ಪಿ ಹೋಗಿ, ಅದೇ ಅವಳನ್ನು ಹಿಡಿದುಕೊಂಡಿತು. ಬಾವಿಯ ನೀರಿನೊಳಗೆ ಬಿಂದಿಗೆ ಮುಳುಗಿದಾಗ ಗುಳುಗುಳು ನಿಂತು ಒಂದು ಭಾರ ಮಾತ್ರ ಉಳಿಯುತ್ತದಲ್ಲ, ಹಾಗೆ. ಹುಳದ ಸದ್ದೂ ಕೇಳಲಿಲ್ಲ. ಮಗಳೂ ನೆನಪಿಗೆ ಬರಲಿಲ್ಲ. ಕಣ್ಣೀರು ಬಂದಿದ್ದು ಕುತ್ತಿಗೆಗೆ ಇಳಿದ ಮೇಲೆ ಗೊತ್ತಾಯಿತು. ಎದ್ದಾಗ ನಲವತ್ತೊಂದು ವರ್ಷದ ತನ್ನ ಮೈ ಹತ್ತಿಯ ಹಾಗಿತ್ತು. ಆ ರಾತ್ರಿ ಯಾಮಿನಿ ಮಗುವಿನ ಹಾಗೆ ಮಲಗಿದಳು.

ಹುಳದ ಸದ್ದು ಕೇಳಲಿಲ್ಲ. ಬಿಂದಿಗೆಯಲ್ಲ, ಭಾರವಲ್ಲ, ಮಣ್ಣೂ ಅಲ್ಲ. ಹುಳ ಮೇಯುವುದು ನಿಲ್ಲಿಸಿದ್ದವು, ಅದಕ್ಕೇ ಕೇಳಲಿಲ್ಲ.

ತಾನು ಹಚ್ಚಿದ್ದು ಸೊಳ್ಳೆ ಕಡ್ಡಿ ಅಂತ ಬೆಳಿಗ್ಗೆ ಡಬ್ಬ ನೋಡಿದಾಗ ತಿಳಿಯಿತು. ಹುಳದ ಮನೆಯೊಳಕ್ಕೆ ಬೀಡಿ ಸೇದಿ ಬಂದವರನ್ನು ಬಿಡದವಳು, ಮುಖಕ್ಕೆ ಪೌಡರ್ ಹಾಕಿಕೊಂಡು ಬಂದಳೆಂದು ಸ್ವಂತ ತಂಗಿಯನ್ನು ಹೊಸಲಲ್ಲೇ ನಿಲ್ಲಿಸಿದವಳು ಅವಳು. ಪಟದ ಕೆಳಗಿನ ಸ್ಟ್ಯಾಂಡಿನಲ್ಲಿ ಒಂದು ಹುಳವೂ ಬದುಕಿ ಉಳಿದಿರಲಿಲ್ಲ. ಮಧ್ಯದ ಸ್ಟ್ಯಾಂಡಿನಲ್ಲಿ ಅರ್ಧ. ಆ ತುದಿಯಲ್ಲಿ, ವೆಂಕಟರವಣಪ್ಪನ ಸೇವಂತಿಗೆ ತೋಟದ ಕಡೆಯ ಕಿಟಕಿಯ ಹತ್ತಿರ, ಆಗಿನ್ನೂ ಮೇಯುತ್ತಿದ್ದವು. ಅದನ್ನು ನೋಡಿದವಳು ಅವಳೊಬ್ಬಳೇ. ಗಂಡನಿಗೆ ಫೋನು ಮಾಡಿದಳು. ಅವನು ಬರುವಷ್ಟರಲ್ಲಿ, ಯಾಕೆ ಅಂತ ತನಗೆ ತಾನೇ ಹೇಳಿಕೊಳ್ಳದೆ, ಪಟದ ಕೆಳಗಿನ ಸ್ಟ್ಯಾಂಡನ್ನು ಮೊದಲು ಬಾಚಿ ಖಾಲಿ ಮಾಡಿದ್ದಳು. ಅವನು ಬೈಕು ನಿಲ್ಲಿಸಿ ಒಳಗೆ ಬಂದಾಗ ಕಿಟಕಿಯ ಹುಳವೂ ಕಕ್ಕತೊಡಗಿದ್ದವು.

"ಇದು ಔಷಧಿ ಗಾಳಿ ಕಣೇ," ಅಂದ ಹರಿಕೃಷ್ಣ. ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. "ಚಿಕ್ಕಪ್ಪ ನೆನ್ನೆ ಹೊಡೆದಿದಾನೆ. ತೋಟದ ತುಂಬಾ ವಾಸನೆ ಬರ್ತಾ ಇದೆ. ನಿನಗೆ ಗೊತ್ತಾಗ್ಲಿಲ್ವಾ?"

"ಬಂತು," ಅಂದಳು ತನುಜ. "ವಾಸನೆ ಬಂತು."

ಅಷ್ಟೇ ಅಂದದ್ದು. ಸುಳ್ಳಲ್ಲ ಅದು.

ಆಮೇಲಿನದ್ದು ಹುಳದ ಮನೆಯ ಗೋಡೆಯ ಹಿಂದಿನಿಂದ ಕೇಳಿಸಿತು. ಬದುವಿನ ಮೇಲೆ ನಿಂತು ಗಂಡ ಕೂಗುತ್ತಿದ್ದ. ವರಸೆಯಲ್ಲಿ ಅವನಿಗೆ ಚಿಕ್ಕಪ್ಪನಾಗಬೇಕಾದ, ಅರವತ್ತು ದಾಟಿದ ವೆಂಕಟರವಣಪ್ಪ ಆ ಕಡೆಯಿಂದ ಕೂಗುತ್ತಿದ್ದ.

"ಹೊಡೆಯೋಕೆ ಮುಂಚೆ ಹೇಳಬೇಕು ಅನ್ನೋ ಗ್ಯಾನ ಬೇಡ್ವಾ ನಿಂಗೆ?"

"ಫೋನ್ ಮಾಡ್ದೆ ಕಣೋ! ತನುಜಮ್ಮ ಎತ್ತಲಿಲ್ಲ!"

"ಎತ್ತದಿದ್ರೆ ಬಂದು ಹೇಳ್ಬೇಕು. ಕಾಲು ಬಿದ್ದೋಗಿದ್ವಾ?"

"ಮಾಟ್ಲಾಡೇದಿ ಸರಿಗ್ಗಾ ಮಾಟ್ಲಾಡು ಹರೀ, ಮಾತು ನೆಟ್ಟಗಿರ್ಲಿ. ಗಾಳಿ ಆ ಕಡೆಗಿತ್ತು, ನಿನ್ನ ಕಡೆಗೆ ಬೀಸಲೇ ಇಲ್ಲ. ಮೂವತ್ತು ವರ್ಷ ಹುಳ ಸಾಕಿದೋನಿಗೆ ಹೇಳ್ತೀಯಾ ನೀನು?"

"ಹಂಗಾದ್ರೆ ಆಂಜನೇಯನ ಗುಡೀಲಿ ಕರ್ಪೂರ ಆರಿಸು. ನನ್ನಿಂದ ಸಾಯಲಿಲ್ಲ ಅಂತ ಆರಿಸು, ನಾನು ಬಾಯಿ ಮುಚ್ಕೋತೀನಿ."

ಮುದುಕನ ದನಿ, ಕೆಳಗಿಳಿದು: "ಬರ್ತೀನಿ. ಊಟ ಮುಗಿಸ್ಕೊಂಡು ಬಾ."

ತನುಜ ಮಂಕರಿ ಎತ್ತಿ ತಲೆಯ ಮೇಲಿಟ್ಟುಕೊಂಡು ತೋಟದ ಗುಂಡಿಗೆ ಸುರಿದಳು. ಸುಣ್ಣ ಎರಚಿದಳು. ಊರಿನಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಒತ್ತಿ ಆರಿಸಿ ಸುಳ್ಳು ಹೇಳಿದವರ ಕಥೆಗಳು ಎಲ್ಲರಿಗೂ ಗೊತ್ತು. ಒಬ್ಬನಿಗೆ ನಾಲಿಗೆ ಬಿದ್ದುಹೋಯಿತಂತೆ, ಒಬ್ಬನ ಮನೆಗೆ ದೀಪ ಹಚ್ಚಲು ಜನವಿಲ್ಲದೆ ಹೋಯಿತಂತೆ. ಆದರೆ ವೆಂಕಟರವಣಪ್ಪ ಮಾವ ಹೇಳುವುದು ನಿಜವೇ ಅಲ್ಲವಾ, ಅಂದುಕೊಂಡಳು ತನುಜ. ನಿಜ ಹೇಳಿ ಆರಿಸಿದರೆ ಏನಾಗುತ್ತದೆ, ಅಂಗೈ ಒಂದಿಷ್ಟು ಸುಡುತ್ತದೆ. ಗಂಡ ಬಾಯಿ ಮುಚ್ಚುತ್ತಾನೆ. ಯಾರಿಗೂ ಏನೂ ಆಗುವುದಿಲ್ಲ. ದೇವರಿಗೆ ಹೇಗೂ ಗೊತ್ತು. ಈ ಲೆಕ್ಕ ಎಷ್ಟು ಸಲೀಸಾಗಿ ಕೂಡಿತೆಂದರೆ ಅವಳಿಗೇ ಅಸಹ್ಯವಾಯಿತು. ಅತ್ತ ನಾರಾಯಣ ಅನ್ನುವ ಹೆಸರು ಬಾಯಲ್ಲಿ ತಾನಾಗಿಯೇ ನಡೆಯುತ್ತಿತ್ತು, ನೀರಿಲ್ಲದ ಬೋರ್‌ವೆಲ್ಲಿನ ಮೋಟರಿನ ಹಾಗೆ.

ಊಟಕ್ಕೆ ಯಾಮಿನಿಯ ಮುಂದೆ ಮುದ್ದೆ ಇಟ್ಟಳು. ಮಾತ್ರೆಯ ಮಂಪರಿನಲ್ಲಿ ಹುಡುಗಿಯ ಕಣ್ಣು ಅರ್ಧ ಮುಚ್ಚಿತ್ತು. ಕಾಲೇಜು ಬಿಟ್ಟ ಮೇಲೆ ಅವಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದನ್ನೂ ಬಿಟ್ಟಿದ್ದಳು. ಇವತ್ತು ಮಾತ್ರ ಜಡೆ ಹೆಣೆದುಕೊಂಡಿದ್ದಳು.

"ಅಮ್ಮ, ಎಲ್ಲಾ ಹೋದ್ವಾ?"

"ಹೂಂ."

"ಪಾಪ ಅಲ್ವಾ." ಮುದ್ದೆ ಮುರಿದಳು. "ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತು ಗೊತ್ತಾ ನನಗೆ? ಕನಸು ಕೂಡ ಬರಲಿಲ್ಲ. ಸೊಳ್ಳೆ ಮಾತ್ರ ಕಚ್ಚಿ ಕಚ್ಚಿ ಇಟ್ಟಿದೆ, ನೋಡಿಲ್ಲಿ. ಮಲಗೋಕೆ ಮುಂಚೆ ಕಡ್ಡಿ ಹಚ್ಚೋಣ ಅಂತ ನೋಡಿದ್ರೆ ಡಬ್ಬ ಗೂಡಲ್ಲಿ ಇರಲಿಲ್ಲ. ನೀನು ತಗೊಂಡ್ಯಾ?"

ತನುಜ ಸಾರು ಬಡಿಸುತ್ತಿದ್ದ ಸೌಟು ತಟ್ಟೆಯ ಅಂಚಿಗೆ ತಗುಲಿ ಠಣ್ ಅಂದಿತು. ಹುಡುಗಿ ತಲೆ ಎತ್ತಿ ನೋಡಿದಳು. ಇವಳಿಗೆ ಗೊತ್ತಿದೆಯೋ? ಕೇಳುತ್ತಿರುವುದು ಸೊಳ್ಳೆಯ ವಿಚಾರವೋ, ಇನ್ನೇನೋ? ಮಗಳ ಮುಖದಲ್ಲಿ ಏನೂ ಇರಲಿಲ್ಲ, ನಿದ್ದೆ ಕಳೆದೆದ್ದ ಒಂದು ತಿಳಿ ಮಾತ್ರ. ಆ ತಿಳಿಯನ್ನು ನೋಡುತ್ತ ತನುಜಳಿಗೆ ತಾನು ಏನನ್ನು ಕಾಪಾಡುತ್ತಿದ್ದೇನೆಂದು ಸ್ಪಷ್ಟವಾಯಿತು. ಮರ್ಯಾದೆಯನ್ನಲ್ಲ. ಗಂಡನ ಬೈಗುಳಕ್ಕೆ ಅವಳು ಹೆದರುವ ಕಾಲ ಯಾವತ್ತೋ ಮುಗಿದಿತ್ತು. ನೆನ್ನೆಯ ಆ ಸಂಜೆ ಅವಳ ಬದುಕಿನಲ್ಲಿ ದೇವರು ಬಂದ ಒಂದೇ ಒಂದು ಸಂಜೆ. ಅದರ ಬೆನ್ನಿಗೇ ಈ ಹುಡುಗಿ ಕದಲದೆ ಮಲಗಿದ ರಾತ್ರಿ. ಬಾಯಿ ಬಿಟ್ಟರೆ ಆ ಸಂಜೆ ಸೊಳ್ಳೆ ಕಡ್ಡಿಯಾಗಿಬಿಡುತ್ತದೆ. ಬಂದವನು ದೇವರಲ್ಲ, ತಲೆಗೇರಿದ ಹೊಗೆ ಅಂದುಬಿಡುತ್ತಾರೆ. ಅವರು ಅನ್ನುವುದು ಹಾಗಿರಲಿ, ತಾನೇ ಅಂದುಕೊಂಡುಬಿಡುತ್ತೇನೆ. ಆಮೇಲೆ ಇವಳಿಗೆ ಮತ್ತೆ ಬಂದರೆ ಯಾರನ್ನು ಹಿಡಿದುಕೊಳ್ಳಲಿ?

"ಇಲ್ಲಮ್ಮ," ಅಂದಳು. "ಎಲ್ಲೋ ಬಿದ್ದಿರುತ್ತೆ. ಹೊಸದು ತರಿಸ್ತೀನಿ. ಉಣ್ಣು."

ಆಂಜನೇಯನ ಗುಡಿ ಊರಿನ ಆ ತುದಿಯಲ್ಲಿ, ಶಿಡ್ಲಘಟ್ಟದ ರಸ್ತೆಗೆ ಬೆನ್ನು ಮಾಡಿಕೊಂಡಿದೆ. ಹೋಗುವಷ್ಟರಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಹಗಲು ಹೊತ್ತಿನಲ್ಲಿ ಇಷ್ಟು ಜನಕ್ಕೆ ಬಿಡುವಿರುತ್ತದೆಯೆಂದು ತನುಜಳಿಗೆ ಗೊತ್ತೇ ಇರಲಿಲ್ಲ. ಅಕ್ಕಯ್ಯಮ್ಮ ಮಂಡಿ ಹಿಡಿದುಕೊಂಡು ಬಂದು ಕಂಬಕ್ಕೆ ಒರಗಿ ಕೂತಿದ್ದಳು. ಪೂಜಾರಿ ನರಸಿಂಹಮೂರ್ತಿ ಹಿತ್ತಾಳೆಯ ತಟ್ಟೆಯಲ್ಲಿ ಒಂದು ಬಿಲ್ಲೆ ಕರ್ಪೂರ ಇಟ್ಟು, "ಇಬ್ರೂ ಯೋಚ್ನೆ ಮಾಡಿ ಸ್ವಾಮಿ, ಆಮೇಲೆ ನನ್ನನ್ನ ಬೈಬೇಡಿ," ಅಂದ. ಯಾರೋ ಹಿಂದಿನಿಂದ, "ಬೇಗ ಮುಗಿಸಪ್ಪಾ, ನನ್ನ ಹಸು ಕಟ್ಟಿಲ್ಲ," ಅಂದ. ಎರಡು ಮೂರು ಜನ ನಕ್ಕರು. ವೆಂಕಟರವಣಪ್ಪ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯುಟ್ಟು ಬಂದಿದ್ದ. ಮೂಳೆ ಕಾಣುವ ಎದೆಯ ಮೇಲೆ ನೀರಿನ ಹನಿಗಳು ಹಾಗೇ ನಿಂತಿದ್ದವು. ತನುಜ ಅವನ್ನು ನೋಡುತ್ತ ನಾರಾಯಣ ಅಂದಳು. ಅನ್ನುವಾಗ, ಈ ಮುದುಕನಿಗೆ ಶೀತವಾಗುತ್ತದೆ ಅನ್ನುವ ಯೋಚನೆ ಬಂತು. ಅದರ ಹಿಂದೆ, ಯಾಮಿನಿ ಹುಟ್ಟಿದ ಹೊಸದರಲ್ಲಿ ಇವನು ತನ್ನ ತೋಟದ ಮೊದಲ ಸೇವಂತಿಗೆಯ ಮಾರು ತಂದು ತೊಟ್ಟಿಲಿಗೆ ಸುತ್ತಿದ್ದು ಬಂತು. ಕದಲುತ್ತಿದೆ, ಕದಲುತ್ತಿದೆ ಅಂದುಕೊಂಡಳು. ಕದಲದೆ ಇನ್ನೇನು ಮಾಡಬೇಕು ಈ ಮನಸ್ಸು?

ಕರ್ಪೂರ ಹತ್ತಿಕೊಂಡಿತು. ವೆಂಕಟರವಣಪ್ಪ ಅಂಗೈ ಎತ್ತಿದ. ಎತ್ತಿದವನು ಹಾಗೇ ನಿಂತ. ಉರಿ ಅವನ ಕೈಯ ನೆರಳನ್ನು ದೇವರ ಬಾಗಿಲಿನ ಮೇಲೆ ದೊಡ್ಡದಾಗಿ ಅಲ್ಲಾಡಿಸಿತು.

"ಆರಿಸು ಚಿಕ್ಕಪ್ಪಾ."

"ತಡಿಯೋ." ಮುದುಕ ಜನರ ಕಡೆ ತಿರುಗಿದ. "ನೆನ್ನೆ ಹೊಡೆದಿದ್ದೇನೋ ನಿಜ. ಗಾಳಿ ಆ ಕಡೆಗಿತ್ತು ಅನ್ನೋದೂ ನಿಜ. ಆದ್ರೆ ಹೊಡೆದು ಮನೆಗೆ ಹೋದ್ಮೇಲೆ ಗಾಳಿ ತಿರುಗಲಿಲ್ಲ ಅಂತ ನಾನು ಹೆಂಗೆ ಹೇಳ್ಳಿ? ನಾನೇನು ಅಲ್ಲಿ ಕಾವಲು ಕೂತಿದ್ನಾ? ಕಂಡಿದ್ದಕ್ಕೆ ಪ್ರಮಾಣ ಮಾಡ್ಬೋದು, ಗಾಳಿಗೆ ಹೆಂಗಪ್ಪಾ ಮಾಡೋದು?" ಕೈ ಇಳಿಸಿದ. "ನಾನು ಆರಿಸಲ್ಲ."

ಜನ ಗುಜುಗುಜು ಅಂದರು. ಆರಿಸಲ್ಲ ಅಂದಮೇಲೆ ಗೊತ್ತಾಯ್ತಲ್ಲ. ಅಷ್ಟು ಹೊತ್ತು ಗಂಟಲು ಹರಿದುಕೊಂಡ, ಈಗ ನೋಡು. ಹರಿಕೃಷ್ಣ ಗೆದ್ದವನ ಹಾಗೆ ಸುತ್ತ ನೋಡಲಿಲ್ಲ, ಅದೊಂದು ಪುಣ್ಯ. ಸೋತವನಷ್ಟೇ ಸುಸ್ತಾಗಿ, "ಹಂಗಾದ್ರೆ ನಮ್ಮ ಬದುವಿನ ಪಕ್ಕದ ಸಾಲಿನ ಹೂವೆಲ್ಲಾ ಕಿತ್ತುಹಾಕು. ಇನ್ಮೇಲೆ ಆ ಕಡೆ ಹೂವು ಇಡಬೇಡ," ಅಂದ. ಮೊಗ್ಗು ಒಡೆದು ನಿಂತಿದ್ದ ಹೂವು. ವೆಂಕಟರವಣಪ್ಪ, "ಕೀಳ್ತೀನಿ," ಅಂದ.

ಆಗ ತನುಜಳ ಬಾಯಿಂದ ಬಂತು. "ಗಾಳಿಯಲ್ಲ. ನಾನು ಕಡ್ಡಿ ಹಚ್ಚಿದ್ದೆ. ಒಳಗೆ, ಪಟದ ಮುಂದೆ. ಅದರಿಂದ."

ಕರ್ಪೂರ ತಾನಾಗಿಯೇ ಉರಿದು ಮುಗಿಯುತ್ತಿತ್ತು. ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳಿಸಿತು. ಅಕ್ಕಯ್ಯಮ್ಮ ಸೊಸೆಯ ಸೆರಗು ಹಿಡಿದು ಎಳೆದು ಕೂರಿಸಿದಳು. "ಏಮೇ ಇದಿ? ಏನೇ ಇದು? ದೇವರಿಗೆ ಹಚ್ಚಿದ ಕಡ್ಡಿಯಿಂದ ಹುಳ ಸಾಯುತ್ತಾ? ಚಾಕಿ ಇಳಿಸಿದ ದಿನ ನಾನೇ ಹಚ್ಚಲಿಲ್ವಾ, ಸತ್ವಾ? ಗುಡಿಯಲ್ಲಿ ಕೂತು ಏನು ಮಾತು ಆಡ್ತಿದೀಯಮ್ಮ. ನಾಲಿಗೆ ಕಚ್ಕೋ." ಆಮೇಲೆ ಪಕ್ಕದವಳ ಕಡೆ ತಿರುಗಿ, "ಮಗಳ ಚಿಂತೆ, ಈಗ ಹುಳವೂ ಹೋಯ್ತು. ತಲೆ ಸರಿಗಿರುತ್ತಾ ಹೇಳಿ," ಅಂದಳು. ಪಕ್ಕದವಳು ತನುಜಳ ಬೆನ್ನು ಸವರಿದಳು. ಆ ಕೈ ಎಷ್ಟು ಮೃದುವಾಗಿತ್ತೆಂದರೆ ತನುಜ ಸುಮ್ಮನಾದಳು. ಅದು ಸೊಳ್ಳೆ ಕಡ್ಡಿ ಅಂತ ಅನ್ನಲಿಲ್ಲ. ಕಿಟಕಿ ಕಡೆಯ ಹುಳ ಕೊನೆಗೆ ಸತ್ತವು ಅಂತ ಅನ್ನಲಿಲ್ಲ. ಹೇಳಿದ್ದೇನಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಅನ್ನುವ ಒಂದು ತಣ್ಣನೆಯ ಸಮಾಧಾನ ಎದೆಯಲ್ಲಿ ಹರಡಿಕೊಂಡಿತು. ಪೂಜಾರಿ ಕೊಟ್ಟ ತೀರ್ಥ ಕುಡಿದಳು. ನಾರಾಯಣ ಅಂದಳು. ಈ ಸಲ ಹೆಸರು ಗಂಟಲಲ್ಲಿ ಇಳಿಯಿತು, ಇಳಿದದ್ದಕ್ಕೇ ಅವಳಿಗೆ ಭಯವಾಯಿತು.

ಮನೆಗೆ ಬಂದು ಹುಳದ ಮನೆ ತೊಳೆಯಲು ನಿಂತಳು. ನೀರು ಎರಚಿದಳು, ಪೊರಕೆ ಹಾಕಿದಳು. ಗೋಡೆಯ ಪಟ ಅಲ್ಲೇ ಇತ್ತು. ಅದರ ಕಣ್ಣು ಎಲ್ಲಿ ನಿಂತರೂ ತನ್ನನ್ನೇ ನೋಡುತ್ತದೆ ಅಂತ ಯಾಮಿನಿ ಚಿಕ್ಕವಳಿದ್ದಾಗ ಹೇಳುತ್ತಿದ್ದಳು. ಈಗ ಅದು ಎಲ್ಲಿಯೂ ನೋಡುತ್ತಿರಲಿಲ್ಲ. ಬಂದಿದ್ಯಾ ನೀನು ನೆನ್ನೆ, ಅಂತ ಕೇಳಿದಳು. ಬಂದಿದ್ದರೆ ಇವು ಸಾಯುವುದನ್ನು ನೋಡುತ್ತಾ ಕೂತಿದ್ದೆಯಾ. ಬಂದಿರಲಿಲ್ಲವಾದರೆ ನಾನು ಯಾರ ಮುಂದೆ ಅತ್ತೆ. ಇಷ್ಟು ದಿನ ನನ್ನ ಮನಸ್ಸು ಹಾಲಿಗೆ ಹೋಗುತ್ತೆ, ಸೊಪ್ಪಿಗೆ ಹೋಗುತ್ತೆ ಅಂತ ಅತ್ತೆನಲ್ಲ, ಅಲ್ಲಿಗೆ ಹೋಗುತ್ತಿದ್ದಾಗ ಹುಳ ಬದುಕಿದ್ದವು, ಹಾಲು ಉಕ್ಕಲಿಲ್ಲ, ಹುಡುಗಿ ಬಚ್ಚಲಲ್ಲಿ ಬಿದ್ದರೆ ಓಡಿಹೋಗಿ ಎತ್ತಿಕೊಂಡೆ. ನಿನ್ನ ಹತ್ತಿರ ಬಂದ ಒಂದು ದಿನ ಮೂಗಿಗೆ ಬಂದದ್ದನ್ನೂ ಕೇಳದಷ್ಟು ಕಿವುಡಿ ಮಾಡಿದೆ. ಹೀಗೆ ಕೇಳುತ್ತ ಕೇಳುತ್ತ ಪೊರಕೆ ನಿಂತಿತ್ತು, ನೀರು ಕಾಲ ಕೆಳಗೆ ಹರಿದು ಹೋಗುತ್ತಿತ್ತು. ಕಿಟಕಿಯಿಂದ ಚರ್ ಚರ್ ಅಂತ ಬೇರು ಕೀಳುವ ಸದ್ದು ಬಂತು.

ವೆಂಕಟರವಣಪ್ಪ ಆಗಲೇ ಬದುವಿನ ಪಕ್ಕದ ಸಾಲಿಗೆ ಬಂದಿದ್ದ. ಒಬ್ಬನೇ. ಗಿಡದ ಬುಡಕ್ಕೆ ಕೈ ಹಾಕಿ, ಒಂದು ಸಲ ಅಲ್ಲಾಡಿಸಿ, ಮಣ್ಣು ಸಮೇತ ಕಿತ್ತು ಪಕ್ಕಕ್ಕೆ ಇಡುತ್ತಿದ್ದ. ಎಸೆಯುತ್ತಿರಲಿಲ್ಲ. ಹಳದಿ ಮೊಗ್ಗುಗಳು ಒಂದೇ ಕಡೆ ತಲೆ ಮಾಡಿ ಮಲಗಿದ್ದವು. ತನುಜ ಹೋಗಿ ಬದುವಿನ ಮೇಲೆ ನಿಂತಳು.

"ಮಾವ, ಬಿಡಿ. ಕೀಳಬೇಡಿ."

ಅವನು ತಲೆ ಎತ್ತಲಿಲ್ಲ. "ನಿನ್ನ ಗಂಡನಿಗೆ ಹೇಳು."

"ಗುಡೀಲಿ ಹೇಳಿದೆನಲ್ಲ. ಅವರು ಕಿವಿಗೆ ಹಾಕ್ಕೊಳ್ಳಲಿಲ್ಲ."

"ಹತ್ರಾನೇ ಇದ್ದೆ, ಕೇಳಿಸ್ತು ನನಗೆ." ಇನ್ನೊಂದು ಗಿಡ ಕಿತ್ತ. "ಕಡ್ಡಿ ಹಚ್ಚಿದೆ ಅಂದೆ. ಯಾವ ಕಡ್ಡಿ?"

"ಸೊಳ್ಳೆದು. ಕತ್ತಲಲ್ಲಿ ಗೊತ್ತಾಗ್ಲಿಲ್ಲ." ಅಂದವಳು ನಿಲ್ಲಿಸಿದಳು. "ಗೊತ್ತಾಯ್ತು. ವಾಸನೆ ಬಂತು. ಆದ್ರೂ ಎದ್ದೇಳಲಿಲ್ಲ."

ಮುದುಕ ಆಗ ಸೊಂಟ ನೆಟ್ಟಗೆ ಮಾಡಿ ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಕರುಣೆ ಇರುತ್ತದೆ ಅಂದುಕೊಂಡಿದ್ದಳು. ಇರಲಿಲ್ಲ. "ಮತ್ತೆ ಗುಡೀಲಿ ಅಷ್ಟು ಮೆತ್ತಗೆ ಯಾಕೆ ಹೇಳ್ದೆ? ಅಕ್ಕಯ್ಯಮ್ಮನಿಗೆ ಮಾತ್ರ ಕೇಳೋ ಅಷ್ಟು? ಪ್ರತಿ ದಿನ ಬೆಳಿಗ್ಗೆ ಹಸು ಮೇಲೆ ಕೂಗ್ತೀಯಲ್ಲ, ನಮ್ಮನೆ ತನಕ ಕೇಳುತ್ತೆ. ಇವತ್ತು ದನಿ ಎಲ್ಲೋಯ್ತು? ಆಡಿದಂಗೂ ಆಗ್ಬೇಕು, ಯಾರೂ ನಂಬದೇನೂ ಇರ್ಬೇಕು, ಅಲ್ವಾ?" ಪಂಚೆಗೆ ಕೈ ಒರೆಸಿದ. "ಪ್ರಮಾಣ ಮಾಡದೆ ಬಂದೋನು ನಾನು. ನಾಳೆಯಿಂದ ಈ ಊರಲ್ಲಿ ನನ್ನ ತೋಟದ ಹೂವು ದೇವರಿಗೆ ಯಾರಾದ್ರೂ ಮುಡಿಸ್ತಾರಾ? ಸಾಲು ಹೋದ್ರೆ ಹೋಗ್ಲಿ. ಅದನ್ನ ಯೋಚ್ನೆ ಮಾಡ್ದೇನಮ್ಮ ನೀನು?"

ಮಾಡಿರಲಿಲ್ಲ. ಬೆಳಗಿನಿಂದ ತಾನು, ತನ್ನ ಮಗಳು, ತನ್ನ ಸಂಜೆ, ತನ್ನ ದೇವರು. ಈ ಮುದುಕನ ಹೂವು ದೇವರಿಗೆ ಹೋಗುತ್ತದೆ ಅನ್ನುವುದು ಒಂದು ಸಲವೂ ಮನಸ್ಸಿಗೆ ಬಂದಿರಲಿಲ್ಲ. ಮನೆಯ ಕಡೆ ನೋಡಿದಳು. ಕೊಟ್ಟಿಗೆಯ ಹತ್ತಿರ ಹರಿಕೃಷ್ಣ ನಾಲ್ಕು ಜನರೊಂದಿಗೆ ನಿಂತಿದ್ದ, ಸಮಾಧಾನ ಹೇಳಲು ಬಂದವರು. ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಬಾಗಿಲಲ್ಲಿ ಯಾಮಿನಿ, ಚೌಕಟ್ಟು ಹಿಡಿದುಕೊಂಡು.

"ರೀ!" ಅಂತ ಕೂಗಿದಳು.

ದನಿ ಒಡೆದು ಹೋಯಿತು. ಮತ್ತೆ ಕೂಗಿದಳು, ಹಸುವನ್ನು ಕೂಗುವ ಹಾಗೆ, ಹೊಟ್ಟೆಯಿಂದ. "ರೀ! ಇಲ್ಲಿ ಬನ್ನಿ! ಅವರನ್ನೂ ಕರ್ಕೊಂಡು ಬನ್ನಿ! ಕಿಟಕಿ ಕಡೆ ಹುಳ ಕೊನೆಗೆ ಸತ್ತಿದ್ದು! ನಾನು ಕಣ್ಣಾರೆ ನೋಡಿದೀನಿ! ಪಟದ ಕೆಳಗಿನದ್ದು ಮೊದಲು ಸತ್ತಿದ್ದು, ನೀವು ಬರೋದ್ರೊಳಗೆ ನಾನೇ ಬಾಚಿ ಹಾಕ್ದೆ! ಸೊಳ್ಳೆ ಕಡ್ಡಿ ಹಚ್ಚಿದ್ದೆ ನಾನು! ನಿಮ್ಮ ಚಿಕ್ಕಪ್ಪನ ಔಷಧಿಯಿಂದಲ್ಲ!"

ಕೊಟ್ಟಿಗೆಯ ಹತ್ತಿರವಿದ್ದವರೆಲ್ಲ ಈ ಕಡೆ ತಿರುಗಿದರು. ಬಾಗಿಲಲ್ಲಿ ಯಾಮಿನಿಯ ಕೈ ಬಾಯಿಗೆ ಹೋಯಿತು. ಗೂಡಿನಲ್ಲಿರದ ಡಬ್ಬ ಎಲ್ಲಿ ಹೋಯಿತೆಂದು ಹುಡುಗಿಗೆ ಈಗ ಗೊತ್ತಾಗುತ್ತದೆ, ಅಮ್ಮ ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ. ಗೊತ್ತಾಗಲಿ. ಹರಿಕೃಷ್ಣ ತೋಟಕ್ಕಿಳಿದ. ಹಿಪ್ಪುನೇರಳೆಯ ಸಾಲುಗಳ ನಡುವೆ, ಗಿಡಗಳನ್ನು ಎರಡೂ ಕೈಯಲ್ಲಿ ಸರಿಸುತ್ತ, ಅವಳ ಮೇಲೆ ಇಟ್ಟ ಕಣ್ಣು ತೆಗೆಯದೆ ಬರತೊಡಗಿದ. ಅವನ ಹಿಂದೆ ಉಳಿದವರು. ವೆಂಕಟರವಣಪ್ಪ ಕಿತ್ತ ಗಿಡವೊಂದನ್ನು ಕೈಯಲ್ಲಿ ಹಿಡಿದು, ಇಡುವುದೋ ಬೇಡವೋ ತಿಳಿಯದೆ ನಿಂತಿದ್ದ.

ಹೊಡೆಯುತ್ತಾನೇನೋ. ಮದುವೆಯಾದ ಮೇಲೆ ಒಂದು ಸಲವೂ ಹೊಡೆದವನಲ್ಲ. ಅಥವಾ ನಂಬದೆ, ತಲೆ ಸರಿಯಿಲ್ಲ ಅಂತ ಕೈ ಹಿಡಿದು ಮನೆಗೆ ಎಳೆದುಕೊಂಡು ಹೋಗುತ್ತಾನೆ. ನಾನು ಹೋಗುವುದಿಲ್ಲ ಅಂದುಕೊಂಡಳು. ಎರಡನೇ ಸಲ ಹೇಳುತ್ತೇನೆ, ಮೂರನೇ ಸಲ ಹೇಳುತ್ತೇನೆ. ನೆನ್ನೆಯ ಸಂಜೆಯನ್ನು ಒಳಗೆ ಹುಡುಕಿದಳು, ಅದರ ಭಾರ, ಅದರ ಕಣ್ಣೀರು. ಸಿಗಲಿಲ್ಲ. ಇದ್ದ ಜಾಗ ಖಾಲಿಯಾಗಿತ್ತು, ಸುಣ್ಣ ಬಳಿದ ಹಾಗೆ. ಹೋಯಿತು ಅದು. ನಾರಾಯಣ ಅಂತ ಕರೆಯಲು ನೋಡಿದಳು, ಹೆಸರು ಬಾಯಿಗೆ ಬರಲಿಲ್ಲ. ನಿನ್ನ ಹೆಸರೂ ಹೋಯ್ತು ನೋಡು, ಅಂದಳು. ಈಗೇನು ಮಾಡ್ತೀಯ? ನನ್ನ ಹತ್ರ ಇನ್ನೇನೂ ಇಲ್ಲ. ಇದ್ದರೆ ಇಲ್ಲಿ ಬಂದು ಪಕ್ಕದಲ್ಲಿ ನಿಲ್ಲು. ಇಲ್ಲದಿದ್ದರೂ ನಾನು ಈ ಬದುವಿನಿಂದ ಇಳಿಯಲ್ಲ.

ಗಂಡ ಕೊನೆಯ ಸಾಲು ದಾಟಿ ಹತ್ತಿರ ಬಂದ. ಏದುಸಿರು ಬಿಡುತ್ತಿದ್ದ. ಕಣ್ಣು ಕೆಂಪಗಿತ್ತು.

"ಇನ್ನೊಂದ್ಸಲ ಹೇಳು," ಅಂದ.

ತನುಜ ಹೇಳತೊಡಗಿದಳು, ಮೊದಲಿನಿಂದ, ಕರೆಂಟು ಹೋದದ್ದರಿಂದ.